ಮುಖವ್ರಣದ ಲೇಪವೂ ಪರೀಕ್ಷೆಯ ಪ್ರಮಾಣವೂ

1

ಶ್ರವಣಬೆಳಗೊಳದ ಉತ್ತರಕ್ಕೆ, ಚಿಕ್ಕಬೆಟ್ಟದ ಆಚೆಯ ಮಗ್ಗುಲಿನಲ್ಲಿ, ಜಿನನಾಥಪುರವೆಂಬ ಸಣ್ಣ ಊರಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಕ್ರಿ.ಶ. 1117ರ ಸುಮಾರಿಗೆ ಈ ಊರನ್ನು ಕಟ್ಟಿಸಿದನು. ಅಲ್ಲಿಯ ಶಾಂತಿನಾಥ ಬಸದಿಯನ್ನು ದಂಡನಾಯಕ ರೇಚಿಮಯ್ಯನು 1200ರ ಸುಮಾರಿಗೆ ಮಾಡಿಸಿ ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನು. ಬಸದಿಯ ಹೊರಗೋಡೆಯ ಶಿಲ್ಪವು ಕಲೆಯ ಅಭ್ಯಾಸಿಗಳಿಗೆ ಪರಿಚಿತವಾದದ್ದೇ. ಆದರೆ ಪ್ರಕೃತ ಲೇಖನಕ್ಕೆ ಪ್ರಸಕ್ತವಾದುದು ಶಿಲ್ಪವಲ್ಲ, ಶಾಸನದ ಒಂದು ಮಾತು. ದೇವಕೀರ್ತಿ ಪಂಡಿತದೇವರ ಸ್ಮಾರಕವಾಗಿ ಬೆಳಗೊಳದಲ್ಲಿ ನಿಲ್ಲಿಸಿದ 1163ರ ಶಾಸನವು, ಜಿನನಾಥಪುರದಲ್ಲಿ ಕಲ್ಲಿನ ದಾನಶಾಲೆಯೊಂದನ್ನು ಮಾಡಿಸಿದ ಸಂಗತಿಯನ್ನು ತಿಳಿಸುತ್ತದೆ.

ಜೈನರಲ್ಲಿ ದಾನವು ನಾಲ್ಕು ಬಗೆ: ಆಹಾರ, ಅಭಯ, ಔಷಧ, ಶಾಸ್ತ್ರ. ಆದುದರಿಂದ ದಾನಶಾಲೆಯೆಂದೊಡನೆ ಅಲ್ಲಿ ಔಷಧದಾನವೂ ನಡೆಯುತ್ತಿದ್ದಿತು ಎಂದು ಊಹಿಸುವುದು ಸಹಜ. ಈ ಊಹೆಯು ಅಸಂಭಾವ್ಯವೇನೂ ಅಲ್ಲ. ಆದರೆ ನಮ್ಮ ಬರವಣಿಗೆಯಲ್ಲಿ ಊಹೆಯು ಎರಡು ಹೆಜ್ಜೆ ಮುಂದೆ ಹೋಗುವುದುಂಟು. ದಾನಶಾಲೆಯು ಮೊದಲು ಆಸ್ಪತ್ರೆಯಾಗುತ್ತದೆ. ಆಸ್ಪತ್ರೆಯು ಬಳಿಕ ಔಷಧಗಳನ್ನು ಪರೀಕ್ಷಿಸಿದ ಸ್ಥಳವಾಗುತ್ತದೆ. ಹಳೆಯ ವೈದ್ಯಗ್ರಂಥಗಳ ಪೀಠಿಕೆಗಳಲ್ಲಿಯೂ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ 'ನಮ್ಮ ಪೂರ್ವಿಕರು ಶತಮಾನಗಳ ಕಾಲ ಪರೀಕ್ಷಿಸಿ ಕಂಡುಕೊಂಡ ಯೋಗಗಳು' ಎಂಬ ಅರ್ಥದ ಮಾತು ಅಚ್ಚಿನಂತೆ ಬರುತ್ತದೆ. ಈ ವಾಕ್ಯದಲ್ಲಿ 'ಪರೀಕ್ಷಿಸಿ' ಎಂಬ ಪದಕ್ಕೆ ಏನು ಅರ್ಥ? ಇದನ್ನು ಒಂದೇ ಒಂದು ಔಷಧದ ಮೇಲೆ ವಿಚಾರ ಮಾಡಿ ನೋಡುವುದು ಈ ಲೇಖನದ ಉದ್ದೇಶ. ಬಾಯಲ್ಲಿ ಶಸ್ತ್ರಕರ್ಮವಾದ ಬಳಿಕ ಗಾಯ ಮಾಯಲೆಂದು ಹಚ್ಚುವ ಲೇಪವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣವು ಮುಂದೆ ಸ್ಪಷ್ಟವಾಗುತ್ತದೆ.

2

ಬಾಯಿಯ ರೋಗಗಳು ಆಯುರ್ವೇದದಲ್ಲಿ ಶಾಲಾಕ್ಯತಂತ್ರಕ್ಕೆ ಸೇರಿದವು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ 'ಕಲ್ಯಾಣಕಾರಕ'ದಲ್ಲಿ ಹಿಂದಿನ ಜೈನ ವೈದ್ಯರನ್ನು ಹೆಸರಿಸುತ್ತ, ಶಾಲಾಕ್ಯವನ್ನು ಪೂಜ್ಯಪಾದರಿಗೂ ಶಲ್ಯತಂತ್ರವನ್ನು ಪಾತ್ರಸ್ವಾಮಿಗೂ ಸಲ್ಲಿಸುತ್ತಾನೆ. ಆ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದರು. ಅದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಕನ್ನಡದಲ್ಲಿಯಾದರೋ, 12ನೆಯ ಶತಮಾನದ ನಡುಭಾಗದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ವೇ ಈ ಪರಂಪರೆಯ ಮುಖ್ಯಕೃತಿ. ಪೂಜ್ಯಪಾದರ ಕಲ್ಯಾಣಕಾರಕದ ಕನ್ನಡ ರೂಪವೆಂದು ಅದಕ್ಕೆ ಪ್ರಸಿದ್ಧಿ. ಸೋಮನಾಥನ ಕಾಲವೂ ಜಿನನಾಥಪುರದ ದಾನಶಾಲೆಯ ಕಾಲವೂ ಹೆಚ್ಚುಕಡಮೆ ಒಂದೇ ಎಂಬುದನ್ನು ಗಮನಿಸಬೇಕು.

ವೈಯಾಕರಣರಾದ ಪೂಜ್ಯಪಾದರೇ ವೈದ್ಯಕಾರರೋ ಅಲ್ಲವೋ ಎಂಬುದು ಬೇರೆ ಚರ್ಚೆ. ನಮಗೆ ಬೇಕಾದುದು ಅವರ ಚಿಕಿತ್ಸಾಶಕ್ತಿಗೆ ದೊರೆಯುವ ಸಾಕ್ಷ್ಯದ ಸ್ವರೂಪ. ಬೆಳಗೊಳದ ದೊಡ್ಡಬೆಟ್ಟದ ಸಿದ್ಧರಬಸದಿಯಲ್ಲಿರುವ 1433ರ ಶಾಸನವು ಪೂಜ್ಯಪಾದರನ್ನು ಎಣೆಯಿಲ್ಲದ ಔಷಧಸಿದ್ಧಿಯುಳ್ಳವರೆಂದು ಹೊಗಳುತ್ತದೆ. ಅವರ ಪಾದ ತೊಳೆದ ನೀರು ತಾಗಿ ಕಬ್ಬಿಣವು ಚಿನ್ನವಾಯಿತೆಂದೂ ಹೇಳುತ್ತದೆ. ಆ ಶ್ಲೋಕದಲ್ಲಿ 'ಕಿಲ' ಎಂಬ ಅವ್ಯಯವಿದೆ. ಸಂಸ್ಕೃತ ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: 'ಅಂತೆ', 'ಎಂದು ಹೇಳುತ್ತಾರೆ'. ಪೂಜ್ಯಪಾದರಿಗೂ ಈ ಶಾಸನಕ್ಕೂ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಶಾಸನದ ಕವಿಯು ತಾನು ಕಂಡುದಕ್ಕೂ ಕೇಳಿದುದಕ್ಕೂ ಇರುವ ಭೇದವನ್ನು ಒಂದು ಅವ್ಯಯದಿಂದಲಾದರೂ ಉಳಿಸಿಕೊಂಡಿದ್ದಾನೆ. ಪೀಠಿಕೆ ಬರೆಯುವ ನಾವು ಆ 'ಕಿಲ'ವನ್ನು ಬಿಟ್ಟುಬಿಡುತ್ತೇವೆ.

3

ಈಗ ಔಷಧದ ವಿಚಾರ. ಸೋಮನಾಥನ ಗ್ರಂಥದ ವೈಶಿಷ್ಟ್ಯವೆಂದರೆ ಅದರ ಚಿಕಿತ್ಸೆಯು ಮಧು, ಮದ್ಯ, ಮಾಂಸಗಳನ್ನು ವರ್ಜಿಸಿರುವುದು. ಜೈನ ಶ್ರಾವಕನ ಮೂಲಗುಣಗಳಲ್ಲಿ ಈ ಮೂರರ ತ್ಯಾಗವು ಸೇರಿದೆ; ಆದುದರಿಂದ ಔಷಧದಲ್ಲಿಯೂ ಅವು ಸಲ್ಲವು. ಮದ್ಯವನ್ನೂ ಮಾಂಸವನ್ನೂ ಬಿಡುವುದು ವೈದ್ಯನಿಗೆ ಅಷ್ಟು ಕಷ್ಟವಾಗಿರಲಾರದು. ಜೇನಿನ ವಿಷಯ ಹಾಗಲ್ಲ. ಇದು ಬಾಯಿಯ ಚಿಕಿತ್ಸೆಯಲ್ಲಿ ಎಷ್ಟು ದೊಡ್ಡ ತ್ಯಾಗವೆಂಬುದನ್ನು ತಿಳಿಯಬೇಕಾದರೆ ಸುಶ್ರುತಸಂಹಿತೆಗೆ ಹೋಗಬೇಕು.

ಸುಶ್ರುತನು ಅರುವತ್ತೈದು ಮುಖರೋಗಗಳನ್ನು ಎಣಿಸುತ್ತಾನೆ. ಬಾಯಿಗೆ ನೇರವಾಗಿ ಮಾಡುವ ಉಪಚಾರಗಳಲ್ಲಿ ಮುಖ್ಯವಾದುವು ಗಂಡೂಷ, ಕವಲ, ಪ್ರತಿಸಾರಣ. ಬಾಯಿ ಮುಕ್ಕಳಿಸಲು ಎಡೆಯಿರುವಷ್ಟು ದ್ರವವನ್ನು ಹಿಡಿದರೆ ಕವಲ. ಅಲುಗಿಸಲಾಗದಷ್ಟು ತುಂಬಿಕೊಂಡರೆ ಗಂಡೂಷ. ಬೆರಳ ತುದಿಯಿಂದ ಹಚ್ಚುವುದು ಪ್ರತಿಸಾರಣ. ಪ್ರತಿಸಾರಣವು ನಾಲ್ಕು ವಿಧ: ಅರೆದ ಕಲ್ಕ, ಕಾಸಿ ಗಟ್ಟಿಮಾಡಿದ ರಸಕ್ರಿಯೆ, ಜೇನು, ಚೂರ್ಣ. ಇಲ್ಲಿ ಜೇನು ಕೇವಲ ಅನುಪಾನವಲ್ಲ. ನಾಲ್ಕು ವಿಧಗಳಲ್ಲಿ ಅದೇ ಒಂದು ವಿಧ. ವಾಗ್ಭಟನೂ ಜೇನಿನ ಗಂಡೂಷವು ಬಾಯಿಯ ವ್ರಣಗಳನ್ನು ಕೂಡಿಸುತ್ತದೆ, ಉರಿಯನ್ನೂ ಬಾಯಾರಿಕೆಯನ್ನೂ ಶಮನಮಾಡುತ್ತದೆ ಎನ್ನುತ್ತಾನೆ.

ಶಸ್ತ್ರಕರ್ಮದ ನಂತರದ ಲೇಪಕ್ಕೆ ಸ್ಪಷ್ಟವಾದ ನಿದರ್ಶನವು ಸುಶ್ರುತನ ಚಿಕಿತ್ಸಾಸ್ಥಾನದ ಮುಖರೋಗಾಧ್ಯಾಯದಲ್ಲಿದೆ. ಗಲಶುಂಡಿಕೆ, ಎಂದರೆ ಕಿರುನಾಲಗೆ ಊದಿ ಉದ್ದವಾಗುವ ರೋಗ, ಬಂದಾಗ ಅದನ್ನು ಚಿಮಟದಂತೆ ಹಿಡಿದೆಳೆದು ಮಂಡಲಾಗ್ರ ಶಸ್ತ್ರದಿಂದ ಮೂರರಲ್ಲೊಂದು ಭಾಗವನ್ನು ಕೊಯ್ಯಬೇಕು. ಹೆಚ್ಚು ಕೊಯ್ದರೆ ರಕ್ತ ಸುರಿದು ರೋಗಿಯು ಸಾಯಬಹುದು. ಕಡಮೆ ಕೊಯ್ದರೆ ಬಾವು, ಜೊಲ್ಲು, ನಿದ್ದೆ, ತಲೆಸುತ್ತು, ಕಣ್ಣುಕತ್ತಲೆ ಉಂಟಾಗುತ್ತವೆ. ಆದುದರಿಂದ ಕರ್ಮವನ್ನು ಕಣ್ಣಾರೆ ಕಂಡು ಪಳಗಿದ ವೈದ್ಯನೇ ಇದನ್ನು ಮಾಡತಕ್ಕದ್ದು. ಕೊಯ್ದ ಮೇಲೆ ಕರಿಮೆಣಸು, ಅತಿವಿಷೆ, ಪಾಠಾ, ಬಜೆ, ಕೋಷ್ಠ, ಕುಟನ್ನಟ ಇವುಗಳನ್ನು ಜೇನು ಮತ್ತು ಉಪ್ಪಿನೊಡನೆ ಸೇರಿಸಿ ಹಚ್ಚಬೇಕು. ಬೇವು ಮೊದಲಾದವುಗಳ ಕಷಾಯದಿಂದ ಕವಲ ಮಾಡಿಸಬೇಕು.

ಈ ಭಾಗವನ್ನು ವಿಮರ್ಶಕನ ಕಣ್ಣಿನಿಂದ ಓದೋಣ. ಇದರಲ್ಲಿ ಎರಡು ಬಗೆಯ ವಾಕ್ಯಗಳಿವೆ; ಒಂದೇ ಉಸಿರಿನಲ್ಲಿ ಓದಿದರೆ ಅವುಗಳ ಭೇದವು ಕಣ್ಣಿಗೆ ಬೀಳುವುದಿಲ್ಲ. ಶಸ್ತ್ರದ ವಿಷಯವನ್ನು ಹೇಳುವಾಗ ಗ್ರಂಥವು ಪ್ರತಿಪಕ್ಷವನ್ನೂ ಹೇಳುತ್ತದೆ: ಹೀಗೆ ಮಾಡಿದರೆ ಇಂಥದು, ಹೆಚ್ಚಾದರೆ ಇಂಥದು, ಕಡಮೆಯಾದರೆ ಇಂಥದು. ಇವು ಯಾರೋ ಕಂಡ ಸೋಲುಗಳು. ಹೆಚ್ಚು ಕೊಯ್ದು ಕೆಟ್ಟ ಸಂದರ್ಭವನ್ನು ಕಾಣದವನು, ಅಥವಾ ಕಂಡವರಿಂದ ಕೇಳದವನು, ಹೀಗೆ ಬರೆಯಲಾರ. ಲೇಪದ ವಿಷಯಕ್ಕೆ ಬಂದಾಗ ವಾಕ್ಯದ ರೀತಿಯೇ ಬದಲಾಗುತ್ತದೆ. 'ಹಚ್ಚಬೇಕು' ಎಂಬ ವಿಧಿ ಮಾತ್ರವಿದೆ. ಹಚ್ಚದಿದ್ದರೆ ಏನಾಗುತ್ತದೆ? ಆರರಲ್ಲಿ ಒಂದನ್ನು ಬಿಟ್ಟರೆ ಏನು? ಜೇನಿಲ್ಲದೆ ಉಪ್ಪು ಮಾತ್ರ ಹಾಕಿದರೆ? ಗ್ರಂಥವು ಮೌನವಾಗಿದೆ. ಕರ್ಮವು ದೃಷ್ಟ, ಔಷಧವು ವಿಹಿತ. ಇದೇ ನಾನು ಓದುಗರ ಗಮನಕ್ಕೆ ತರಬಯಸುವ ಭೇದ. 'ಶತಮಾನಗಳ ಪರೀಕ್ಷೆ' ಎನ್ನುವವರು ಮೊದಲನೆಯದಕ್ಕೆ ಸಲ್ಲುವ ಗೌರವವನ್ನು ಎರಡನೆಯದಕ್ಕೆ ಸಾಲವಾಗಿ ಕೊಡುತ್ತಾರೆ.

4

'ಫಲವಿಲ್ಲದಿದ್ದರೆ ಇಷ್ಟು ಕಾಲ ಬಳಕೆಯಲ್ಲಿ ಉಳಿಯುತ್ತಿತ್ತೇ?' ಎಂದು ಕೇಳುವವರುಂಟು. ಇದು ಅಲಕ್ಷಿಸತಕ್ಕ ಪ್ರಶ್ನೆಯಲ್ಲ. ಆದರೆ ಬಾಯಿಯ ಗಾಯದ ವಿಷಯದಲ್ಲಿ ಈ ವಾದವು ವಿಶೇಷವಾಗಿ ದುರ್ಬಲ. ಬಾಯಿಯ ಒಳಚರ್ಮದ ಗಾಯವು ಮೈಮೇಲಿನ ಗಾಯಕ್ಕಿಂತ ಬೇಗ, ಹೆಚ್ಚು ಕಲೆಯುಳಿಯದೆ, ತಾನಾಗಿಯೇ ಮಾಯುತ್ತದೆ. ಅಲ್ಲಿ ರಕ್ತಸಂಚಾರವು ಸಮೃದ್ಧ. ಜೊಲ್ಲಿನಲ್ಲಿಯೇ ಗಾಯವನ್ನು ಕೂಡಿಸುವ ದ್ರವ್ಯಗಳಿವೆ. ಅಂಗುಳಿನಿಂದ ಚರ್ಮದ ತುಣುಕನ್ನು ತೆಗೆದು ಒಸಡಿಗೆ ಕಸಿಮಾಡುವ ದಂತಶಸ್ತ್ರವೈದ್ಯರು, ತೆರೆದುಬಿಟ್ಟ ಅಂಗುಳಿನ ಗಾಯವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ಚರ್ಮದಿಂದ ಮುಚ್ಚಿಕೊಳ್ಳುವುದನ್ನು ಕಾಣುತ್ತಾರೆ. ಹೀಗಿರುವಾಗ ಜೇನು ಹಚ್ಚಿದವನೂ ಗುಣಹೊಂದುತ್ತಾನೆ, ಬೇವಿನ ಕಷಾಯ ಮುಕ್ಕಳಿಸಿದವನೂ ಗುಣಹೊಂದುತ್ತಾನೆ, ಏನೂ ಮಾಡದವನೂ ಬಹುಮಟ್ಟಿಗೆ ಗುಣಹೊಂದುತ್ತಾನೆ. ತಾನಾಗಿ ಮಾಯುವ ಗಾಯಕ್ಕೆ ಯಾವ ಮದ್ದನ್ನು ಹಚ್ಚಿದರೂ ಆ ಮದ್ದಿಗೆ ಕೀರ್ತಿ ತಪ್ಪದು. ಮುಖವ್ರಣವನ್ನು ಉದಾಹರಣೆಯಾಗಿ ಆರಿಸಿಕೊಂಡುದಕ್ಕೆ ಕಾರಣ ಇದೇ.

ಹಾಗಾದರೆ ಹಿಂದಿನವರಿಗೆ ತಿಳಿಯುವ ಮಾರ್ಗವೇ ಇರಲಿಲ್ಲವೆ? ಇದ್ದಿತು. ಫ್ರಾನ್ಸಿನ ಶಸ್ತ್ರವೈದ್ಯನಾದ ಆಂಬ್ರಾಸ್ ಪಾರೆಯ ಕಥೆಯು ಇಲ್ಲಿ ಸ್ಮರಣೀಯ. 1537ರ ಯುದ್ಧದಲ್ಲಿ, ಆಗಿನ ಪದ್ಧತಿಯಂತೆ, ಅವನು ಗುಂಡೇಟಿನ ಗಾಯಗಳಿಗೆ ಕುದಿಯುವ ಎಣ್ಣೆಯನ್ನು ಹೊಯ್ಯುತ್ತಿದ್ದನು. ಒಂದು ದಿನ ಎಣ್ಣೆ ಮುಗಿದುಹೋಯಿತು. ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿಯೆಣ್ಣೆ, ಟರ್ಪೆಂಟೈನುಗಳ ಲೇಪವನ್ನು ಹಚ್ಚಿ, ಇವರು ಸತ್ತಾರೋ ಎಂಬ ಭಯದಿಂದ ನಿದ್ದೆಗೆಟ್ಟನು. ಬೆಳಗಾಗುವ ಮುನ್ನ ಎದ್ದು ನೋಡಿದರೆ ಲೇಪ ಹಚ್ಚಿದವರು ನೆಮ್ಮದಿಯಾಗಿದ್ದರು. ಎಣ್ಣೆ ಹೊಯ್ಯಿಸಿಕೊಂಡವರಿಗೆ ಜ್ವರ, ನೋವು, ಬಾವು. ಎಣ್ಣೆ ಮುಗಿದುದು ಆಕಸ್ಮಿಕ. ಆದರೆ ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದುದು, ನೋಡಿದುದನ್ನು ಬರೆದಿಟ್ಟುದು ಆಕಸ್ಮಿಕವಲ್ಲ.

ನಮ್ಮ ನಾಡಿನಲ್ಲಿಯೂ ಇಂಥದೊಂದು ಸಂದರ್ಭವು ತಾನಾಗಿ ಒದಗಿದ್ದಿತು. ಒಂದು ಕಡೆ ಜೇನನ್ನು ಮುಖ್ಯದ್ರವ್ಯವಾಗಿ ಬಳಸುವ ಪರಂಪರೆ. ಇನ್ನೊಂದು ಕಡೆ ಅದೇ ರೋಗಗಳಿಗೆ ಜೇನಿಲ್ಲದೆ ಚಿಕಿತ್ಸೆಮಾಡುವ ಪರಂಪರೆ. ಎರಡೂ ಒಂದೇ ನಾಡಿನಲ್ಲಿ, ಒಂದೇ ಕಾಲದಲ್ಲಿ ಬಳಕೆಯಲ್ಲಿದ್ದುವು. ಪಾರೆಗೆ ಒಂದು ರಾತ್ರಿ ಮಾತ್ರ ದೊರೆತ ಹೋಲಿಕೆಯ ಅವಕಾಶವು ನಮ್ಮ ವೈದ್ಯರಿಗೆ ತಲೆಮಾರುಗಳ ಕಾಲ ತೆರೆದಿದ್ದಿತು. ಆದರೆ ಜೇನನ್ನು ಬಿಟ್ಟುದಕ್ಕೆ ಕಾರಣವು ಅಹಿಂಸೆ; ಉಳಿಸಿಕೊಂಡುದಕ್ಕೆ ಕಾರಣವು ಆಗಮ. ಎರಡು ಪಕ್ಷಗಳೂ ಎದುರಿನವನ ರೋಗಿಗಳನ್ನು ಎಣಿಸಬೇಕೆಂದು ಬಯಸಿದಂತೆ ತೋರುವುದಿಲ್ಲ. ಉಗ್ರಾದಿತ್ಯನ ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ಮಾಂಸಭಕ್ಷಣದ ವಿರುದ್ಧ ನೃಪತುಂಗನ ಸಭೆಯಲ್ಲಿ ಮಾಡಿದ ವಾದವೆಂದು ಪ್ರಸಿದ್ಧವಾಗಿದೆ. ಔಷಧದ್ರವ್ಯದ ಪ್ರಶ್ನೆಯು ರಾಜಸಭೆಯವರೆಗೆ ಹೋಯಿತು. ಆದರೆ ಅದು ಹೋದದ್ದು ವಾದವಾಗಿ. ಅಹಿಂಸೆಗಾಗಿ ಜೇನನ್ನು ಬಿಟ್ಟ ವೈದ್ಯನ ಮನಸ್ಸು ದೊಡ್ಡದು. ಆದರೆ ಅದರಿಂದ ರೋಗಿಗೆ ನಷ್ಟವಾಯಿತೋ ಇಲ್ಲವೋ ಎಂಬ ಪ್ರಶ್ನೆಗೆ ಆ ದೊಡ್ಡತನವು ಉತ್ತರವಾಗಲಾರದು.

5

ಇಂದು ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಹೇಗೆ? ಮೊದಲನೆಯ ತೊಡಕು ವೈದ್ಯನದಲ್ಲ, ನಮ್ಮದು. ಮೇಲಿನ ಲೇಪದ 'ಕುಟನ್ನಟ' ಯಾವುದು? ಅಮರಕೋಶದಲ್ಲಿ ಈ ಶಬ್ದವು ಎರಡು ಕಡೆ ಬರುತ್ತದೆ: ಒಂದೆಡೆ ಶ್ಯೋನಾಕವೆಂಬ ಮರಕ್ಕೆ, ಇನ್ನೊಂದೆಡೆ ನೀರಿನೆಡೆಯಲ್ಲಿ ಬೆಳೆಯುವ ಮುಸ್ತೆಯ ಜಾತಿಗೆ. ಮರದ ತೊಗಟೆಯೋ ಹುಲ್ಲಿನ ಗಡ್ಡೆಯೋ ಎಂಬುದು ನಿಶ್ಚಯವಾಗದೆ ಪರೀಕ್ಷೆಯು ಆರಂಭವೇ ಆಗಲಾರದು. ಪಾಠನಿರ್ಣಯ, ಪದನಿರ್ಣಯಗಳು ಭಾಷಾಶಾಸ್ತ್ರದ ಕೆಲಸ. ಅದರಲ್ಲಿ ತಪ್ಪಿದರೆ ಪ್ರಯೋಗಶಾಲೆಯ ಶ್ರಮವೆಲ್ಲ ವ್ಯರ್ಥ.

ದ್ರವ್ಯವು ನಿಶ್ಚಯವಾಯಿತೆನ್ನೋಣ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ನಿನ ಫಲವನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯ ಕಾಲದಿಂದ ಒಂದು ಕ್ರಮವು ನೆಲೆಗೊಂಡಿದೆ. ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸುವುದು ವೈದ್ಯನ ಇಚ್ಛೆಯಿಂದಲ್ಲ, ಚೀಟಿಯೆತ್ತಿದಂತೆ ದೈವಾಯತ್ತವಾಗಿ. ಒಂದು ಗುಂಪಿಗೆ ಲೇಪ. ಇನ್ನೊಂದಕ್ಕೆ ನೋಟದಲ್ಲಿಯೂ ರುಚಿಯಲ್ಲಿಯೂ ಅದನ್ನೇ ಹೋಲುವ, ಆದರೆ ಔಷಧವಿಲ್ಲದ ಲೇಪ. ಯಾರಿಗೆ ಯಾವುದು ಸಂದಿತೆಂಬುದು ಗಾಯವನ್ನು ಅಳೆಯುವವನಿಗೆ ತಿಳಿದಿರಬಾರದು. ಏನನ್ನು ಅಳೆಯುತ್ತೇವೆ, ಎಂದು ಅಳೆಯುತ್ತೇವೆ ಎಂಬುದನ್ನು ಮೊದಲೇ ಬರೆದಿಡಬೇಕು. ಭಾರತದಲ್ಲಿ 2007ರಲ್ಲಿ ಇಂಥ ಪರೀಕ್ಷೆಗಳ ನೋಂದಣಿಪುಸ್ತಕವು ಆರಂಭವಾಯಿತು. 2009ರಿಂದ ನೋಂದಣಿಯು ಕಡ್ಡಾಯ. ಫಲ ಬಂದ ಮೇಲೆ ಪ್ರಶ್ನೆಯನ್ನು ತಿದ್ದಿಕೊಳ್ಳುವ ಚಪಲಕ್ಕೆ ಇದು ತಡೆ.

ಅಂಗುಳಿನ ಗಾಯವು ಈ ಪರೀಕ್ಷೆಗೆ ಅನುಕೂಲವಾದ ಕ್ಷೇತ್ರ. ಅದರ ಅಳತೆಯನ್ನು ಶಸ್ತ್ರವೈದ್ಯನೇ ನಿರ್ಧರಿಸಿರುತ್ತಾನೆ. ಬಾಯಿ ತೆರೆದರೆ ಕಾಣುತ್ತದೆ. ಹೊಸ ಚರ್ಮವು ಮುಚ್ಚಿತೇ ಎಂಬುದನ್ನು ತಿಳಿಯಲು ಹೈಡ್ರೊಜನ್ ಪೆರಾಕ್ಸೈಡನ್ನು ಹನಿಸುತ್ತಾರೆ: ಗಾಯವು ತೆರೆದಿದ್ದರೆ ನೊರೆಯೇಳುತ್ತದೆ, ಮುಚ್ಚಿದ್ದರೆ ಏಳುವುದಿಲ್ಲ. ನೋವನ್ನು ರೋಗಿಯೇ ಸೊನ್ನೆಯಿಂದ ಹತ್ತರವರೆಗಿನ ಅಳತೆಗೆರೆಯ ಮೇಲೆ ಗುರುತಿಸುತ್ತಾನೆ. ಬಾಯಿಗೆ ವಿಶೇಷವಾದ ತೊಡಕುಗಳೂ ಉಂಟು. ಒಬ್ಬನ ಬಾಯಿಯ ಎಡಕ್ಕೆ ಲೇಪ, ಬಲಕ್ಕೆ ಬರಿಯ ಪಾಕ ಹಚ್ಚಿ ಹೋಲಿಸೋಣವೆಂದರೆ, ಜೊಲ್ಲು ಎಡದ್ದನ್ನು ಬಲಕ್ಕೆ ಒಯ್ಯುತ್ತದೆ. ಆದುದರಿಂದ ಬೇರೆಬೇರೆ ರೋಗಿಗಳೇ ಬೇಕು. ಹೊಗೆಬತ್ತಿ ಸೇದುವವರಲ್ಲಿ, ಸಕ್ಕರೆಕಾಯಿಲೆಯುಳ್ಳವರಲ್ಲಿ ಗಾಯವು ತಡವಾಗಿ ಮಾಯುತ್ತದೆ. ಅವರು ಒಂದೇ ಗುಂಪಿನಲ್ಲಿ ಕೂಡಿಕೊಂಡರೆ ಫಲವು ಮೋಸಗೊಳಿಸುತ್ತದೆ. ಜೇನಿನ ರುಚಿಯನ್ನು ಮರೆಮಾಚುವುದು ಕಷ್ಟ; ಸಕ್ಕರೆಯ ಪಾಕವನ್ನು ಎದುರಿಗಿಡಬಹುದು. ಆದರೆ ಗಾಢವಾದ ಪಾಕವೂ ಜೇನಿನಂತೆಯೇ ನೀರನ್ನು ಹೀರುವುದರಿಂದ, ಆ ಹೋಲಿಕೆಯು ಸಿಹಿಗಿಂತ ಹೆಚ್ಚಿನ ಗುಣವೇನಾದರೂ ಜೇನಿನಲ್ಲಿದೆಯೇ ಎಂಬುದನ್ನು ಮಾತ್ರ ಹೇಳಬಲ್ಲದು.

ಜೇನಿನಲ್ಲಿ ಗುಣವಿರುವುದಕ್ಕೆ ಕಾರಣಗಳು ಇಲ್ಲದಿಲ್ಲ. ಅದರ ಸಾಂದ್ರತೆಯು ಸೂಕ್ಷ್ಮಜೀವಿಗಳ ನೀರನ್ನು ಹೀರುತ್ತದೆ, ಅದು ಆಮ್ಲೀಯ, ತೆಳುವಾದಾಗ ಅದರಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯಗಳಿಗೆ ಜೇನನ್ನು ಹಚ್ಚಿದ 26 ಪರೀಕ್ಷೆಗಳನ್ನು, ಒಟ್ಟು 3,011 ರೋಗಿಗಳನ್ನು, ಒಂದುಗೂಡಿಸಿ ನೋಡಿದ 2015ರ ಕಾಕ್ರೇನ್ ಸಮೀಕ್ಷೆಯು, ಮೇಲುಮೇಲಿನ ಸುಟ್ಟಗಾಯಗಳೂ ಶಸ್ತ್ರಕರ್ಮದ ನಂತರ ಕೀವುಗೂಡಿದ ಗಾಯಗಳೂ ಜೇನಿನಿಂದ ಬೇಗ ಮಾಯುವಂತೆ ತೋರುತ್ತದೆಂದೂ, ಉಳಿದ ಬಗೆಯ ಗಾಯಗಳ ವಿಷಯದಲ್ಲಿ ನಿರ್ಣಯವು ಸ್ಪಷ್ಟವಿಲ್ಲವೆಂದೂ ಹೇಳಿತು. ಆದರೆ ಮೈಮೇಲಿನ ಗಾಯದ ನಿರ್ಣಯವನ್ನು, ಜೊಲ್ಲು ಕ್ಷಣಕ್ಷಣಕ್ಕೂ ತೊಳೆಯುವ ಬಾಯಿಗೆ ಹಾಗೆಯೇ ಅನ್ವಯಿಸಲಾಗದು. ಹಸಿಜೇನು ಶುದ್ಧೀಕೃತವಲ್ಲದ ಪದಾರ್ಥವೆಂಬುದನ್ನೂ ಮರೆಯಬಾರದು: ವರ್ಷ ತುಂಬದ ಶಿಶುಗಳಿಗೆ ಅದನ್ನು ಕೊಡಬಾರದೆಂಬ ಇಂದಿನ ವೈದ್ಯರ ಎಚ್ಚರಿಕೆಗೆ ಅದರಲ್ಲಿರಬಹುದಾದ ವಿಷಾಣುಬೀಜಗಳು ಕಾರಣ. ಪರೀಕ್ಷೆಯು ಗುಣವನ್ನು ಮಾತ್ರವಲ್ಲ, ಕೇಡನ್ನೂ ಎಣಿಸಬೇಕು.

6

ಇದೆಲ್ಲ ವೈದ್ಯರ ವಿಷಯ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನು ಎನ್ನಬಹುದು. ಹಾಗಲ್ಲ. 1940ರ ಔಷಧ ಮತ್ತು ಪ್ರಸಾಧನದ್ರವ್ಯಗಳ ಅಧಿನಿಯಮದ ಪ್ರಥಮ ಅನುಸೂಚಿಯು ಆಯುರ್ವೇದದ ಪ್ರಮಾಣಗ್ರಂಥಗಳನ್ನು ಹೆಸರಿಸುತ್ತದೆ, ಸುಶ್ರುತಸಂಹಿತೆಯು ಅವುಗಳಲ್ಲೊಂದು. ಅಂಥ ಗ್ರಂಥದಲ್ಲಿರುವ ಯೋಗವನ್ನು, ಅಲ್ಲಿ ಹೇಳಿರುವಂತೆಯೇ, ಅಲ್ಲಿ ಹೇಳಿರುವ ರೋಗಕ್ಕೇ ತಯಾರಿಸುವವನು ಹೊಸದಾಗಿ ರೋಗಿಗಳ ಮೇಲೆ ಪರೀಕ್ಷೆ ನಡೆಸಿ ತೋರಿಸಬೇಕಾಗಿಲ್ಲ. ಗ್ರಂಥದ ಮಾತೇ ಅವನಿಗೆ ಸಾಕ್ಷ್ಯವಾಗುತ್ತದೆ. ಎಂದ ಮೇಲೆ ಗ್ರಂಥದ ವಾಕ್ಯವನ್ನು ಹೇಗೆ ಓದಬೇಕೆಂಬುದು ಕೇವಲ ವಿದ್ವತ್ತಿನ ವಿನೋದವಾಗಿ ಉಳಿಯಲಿಲ್ಲ. 'ಹಚ್ಚಬೇಕು' ಎಂಬುದನ್ನು 'ಹಚ್ಚಿ ನೋಡಿ ಗುಣಕಂಡಿದೆ' ಎಂದು ಅನುವಾದಿಸುವ ಪೀಠಿಕಾಕಾರನು, ತಾನರಿಯದೆಯೇ, ಬಾಯಿ ಹುಣ್ಣಾದ ಯಾವನೋ ರೋಗಿಯ ಪರವಾಗಿ ಸುಳ್ಳುಸಾಕ್ಷಿ ಹೇಳಿದಂತಾಗುತ್ತದೆ.

ಇದರಿಂದ ಹಳೆಯ ಲೇಪಗಳು ನಿಷ್ಫಲವೆಂದು ಸಿದ್ಧವಾಗಲಿಲ್ಲ. ಪರೀಕ್ಷಿತವಲ್ಲದ್ದು ಮಿಥ್ಯೆಯೆಂದು ತಳ್ಳಿಹಾಕುವುದೂ, ಪ್ರಾಚೀನವಾದದ್ದು ಪರೀಕ್ಷಿತವೆಂದು ಕೊಂಡಾಡುವುದೂ ಸಮಾನವಾದ ಅವಸರಗಳು. ಸುಶ್ರುತನ ಲೇಪದಲ್ಲಿ ಗುಣವಿದ್ದೀತು. ಜೇನಿಲ್ಲದ ಸೋಮನಾಥನ ಯೋಗಗಳಲ್ಲಿಯೂ ಇದ್ದೀತು. ಕಲ್ಯಾಣಕಾರಕದ ಪರಂಪರೆಯು ಜೇನನ್ನು ಬಿಟ್ಟು ಏನನ್ನು ಸೇರಿಸಿತು ಎಂಬುದನ್ನು ಯೋಗಯೋಗವಾಗಿ ಸುಶ್ರುತ, ವಾಗ್ಭಟರೊಡನೆ ಹೋಲಿಸಿ ಪಟ್ಟಿಮಾಡುವುದು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಆ ಪಟ್ಟಿಯು ದಂತವೈದ್ಯರ ಕೈಸೇರಿದರೆ ಅವರು ಪರೀಕ್ಷಿಸಬೇಕಾದ ಪ್ರಶ್ನೆಯು ಸಿದ್ಧವಾಗಿಯೇ ದೊರೆಯುತ್ತದೆ.

ಜಿನನಾಥಪುರದ ದಾನಶಾಲೆಯಲ್ಲಿ ಔಷಧವನ್ನು ಕೊಟ್ಟಿರಬಹುದು. ಕೊಟ್ಟವರ ಕರುಣೆಯಲ್ಲಿ ಸಂದೇಹವಿಲ್ಲ. ಆದರೆ ಶಾಸನವು ದಾನವನ್ನು ದಾಖಲೆಮಾಡಿದೆಯೇ ಹೊರತು ಗುಣಹೊಂದಿದವರನ್ನೂ ಗುಣಹೊಂದದವರನ್ನೂ ಎಣಿಸಿಲ್ಲ. ಎಣಿಸಿದ್ದರೆಂದು ನಾವು ಬರೆಯಬಾರದು. ಆ ಎಣಿಕೆಯು ನಮ್ಮ ಪಾಲಿಗೆ ಉಳಿದ ಕೆಲಸ.